ಮೈಲೇಜ್ ಮೇಷ್ಟ್ರು

ಅರಸೀಕೆರೆಯಲ್ಲಿ ಯಾರಾದರೂ ಹೊಸ ಗಾಡಿ ತಂದು ಮನೆ ಮುಂದೆ ನಿಲ್ಲಿಸಲಿ, ಚಕ್ರದಡಿಯ ನಿಂಬೆಹಣ್ಣು ಒಡೆಯುವ ಮೊದಲೇ ಒಬ್ಬರು ಹಾಜರಾಗಿ ಕೇಳುತ್ತಾರೆ: “ಎಷ್ಟು ಕೊಡುತ್ತೆ?” ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಇಲ್ಲಿಯವರು ನಿವೃತ್ತ ಗಣಿತದ ಮೇಷ್ಟ್ರು.

“ಇಪ್ಪತ್ನಾಲ್ಕು ಕೊಡುತ್ತೆ ಅಂತ ಶೋರೂಮಿನೋರು ಹೇಳಿದ್ರು ಸಾರ್.”

“ಅದು ಪುಣೆ ಎಆರ್‌ಎಐ ಲೆಕ್ಕ ಕಣಪ್ಪಾ. ಗಾಡೀನ ರೋಲರ್ ಮೇಲೆ ನಿಲ್ಲಿಸಿ ಓಡಿಸ್ತಾರೆ. ರೋಲರ್ ಮೇಲೆ ಹಂಪ್ ಇರುತ್ತಾ? ಎದುರಿಗೆ ಕೊಬ್ಬರಿ ಲಾರಿ ಬರುತ್ತಾ? ಐದರಲ್ಲೊಂದು ಪಾಲು ಕಳೆದು ಹೇಳು.”

ಪೂಜೆಗೆ ಬಂದವರೆಲ್ಲ ಮನಸ್ಸಿನಲ್ಲೇ ಭಾಗಾಕಾರ ಮಾಡತೊಡಗುತ್ತಾರೆ. ಮೇಷ್ಟ್ರು ಪ್ರಸಾದ ತಗೊಂಡು ಹೊರಡುತ್ತಾರೆ.

ಅವರ ಸ್ವಂತ ವಾಹನ ಹೀರೋ ಹೋಂಡಾ ಸಿಡಿ 100. 1985ರಲ್ಲಿ ಮಾರುಕಟ್ಟೆಗೆ ಬಂದ ಈ ಬೈಕಿನ ಜಾಹೀರಾತಿನ ಸಾರ ಇಷ್ಟೇ: ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ. ಮೊದಲಿನ ಎರಡನ್ನು ಮೇಷ್ಟ್ರು ತಪ್ಪದೆ ಮಾಡಿದ್ದಾರೆ. ಮರೆಯುವುದು ಮಾತ್ರ ಇವತ್ತಿಗೂ ಆಗಿಲ್ಲ. ಹಾಕಿಸಿದ ಪ್ರತಿ ಲೀಟರೂ ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿದೆ. ವೇಗ 40 ದಾಟುವುದಿಲ್ಲ, ಇಳಿಜಾರು ಕಂಡರೆ ಇಂಜಿನ್ ಆಫ್. ದಾರಿಯಲ್ಲಿ ಡ್ರಾಪ್ ಕೇಳಿದವರ ತೂಕವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿ, ಎಪ್ಪತ್ತು ಕಿಲೋ ಮೀರಿದವರಿಗೆ “ನಡೆದರೆ ಷುಗರ್‌ಗೆ ಒಳ್ಳೇದು” ಎನ್ನುತ್ತಾರೆ.

ರೂಪಾಯಿಗಿಂತ ಅವರಿಗೆ ಕೊಬ್ಬರಿಯ ಅಳತೆ ವಾಸಿ. 2024ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇಟ್ಟಾಗ, ಕಿಲೋ ಕೊಬ್ಬರಿಗೆ ಒಂದು ಲೀಟರ್ ಪೆಟ್ರೋಲ್ ಬಂದು, ಮೇಲೆ ಕಾಫಿಗೂ ಚಿಲ್ಲರೆ ಉಳಿಯುತ್ತಿತ್ತು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಅದು 20,000 ದಾಟಿದಾಗ, ಹೆಚ್ಚುಕಡಿಮೆ ಎರಡು ಲೀಟರ್. “ನನ್ನ ಬೈಕಿನ ಮೈಲೇಜ್ ಡಬಲ್ ಆಯ್ತು” ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಗಾಡಿಯ ಒಂದು ನಟ್ಟೂ ಬದಲಾಗಿರಲಿಲ್ಲ.

ಅವರ ಸಲಹೆಯಲ್ಲಿ ಹುಳುಕು ಹುಡುಕುವುದು ಕಷ್ಟ. ಮಂಡಿ ವ್ಯಾಪಾರಿಯೊಬ್ಬರು ತಮ್ಮ ಹಳೇ ಕಾರು ಲೀಟರಿಗೆ ಹದಿನೈದೇ ಕೊಡುತ್ತದೆ, ಅದನ್ನು ಕೊಟ್ಟು ಮೇಲೆ ಐದು ಲಕ್ಷ ಹಾಕಿ ಇಪ್ಪತ್ತೈದು ಕೊಡುವ ಸಣ್ಣ ಕಾರು ತರುತ್ತೇನೆ, ಪೆಟ್ರೋಲ್ ಉಳಿಯುತ್ತದೆ ಎಂದರು. ಮೇಷ್ಟ್ರು ಪೆನ್ನು ತೆಗೆದರು.

“ತಿಂಗಳಿಗೆ 500 ಕಿಲೋಮೀಟರ್ ಓಡಿಸ್ತೀರಾ? ಹಳೇದಕ್ಕೆ 33 ಲೀಟರ್ ಚಿಲ್ಲರೆ, ಹೊಸದಕ್ಕೆ 20. ಉಳಿಯೋದು 13 ಲೀಟರ್ ಚಿಲ್ಲರೆ. ಲೀಟರಿಗೆ ನೂರು ಹಿಡೀರಿ, ವರ್ಷಕ್ಕೆ 16,000. ಐದು ಲಕ್ಷ ವಾಪಸ್ ಬರೋಕೆ 31 ವರ್ಷ ಮೇಲಾಗುತ್ತೆ. ಅದೇ ದುಡ್ಡು ಬ್ಯಾಂಕಲ್ಲಿ ಏಳು ಪರ್ಸೆಂಟಿಗಿಟ್ಟರೆ ಬಡ್ಡಿನೇ 35,000. ಬಡ್ಡೀಲಿ ಪೆಟ್ರೋಲ್ ಹಾಕ್ಸಿ, ಹಳೇ ಕಾರಲ್ಲೇ ರಾಜನ ಥರ ಓಡಾಡಿ. ಇನ್ನೊಂದು ಕೇಳಿ. ಹದಿನೈದರಿಂದ ಇಪ್ಪತ್ತಕ್ಕೆ ಹೋದರೆ ತಿಂಗಳಿಗೆ ಎಂಟು ಲೀಟರ್ ಉಳಿಯುತ್ತೆ. ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಹೋದರೆ ಐದೇ. ಮೈಲೇಜ್ ಏರಿದಷ್ಟೂ ಉಳಿತಾಯ ಸೊರಗುತ್ತೆ!”

ವ್ಯಾಪಾರಿ ಕೈಮುಗಿದರು. ಮುಂದಿನ ವಾರ ಕಾರು ತಂದರು. ಕೊಳ್ಳಬೇಕೆಂದವರಿಗೆ ಮೈಲೇಜ್ ಒಂದು ನೆಪ, ಹೆಂಡತಿ ಮಕ್ಕಳ ಮುಂದೆ ಇಡಲು ಒಂದು ಗೌರವಸ್ಥ ಕಾರಣ. ಮೇಷ್ಟ್ರಿಗೂ ಅದು ನೆಪವೇ. ಆದರೆ ಕೊಳ್ಳದಿರುವುದಕ್ಕೆ.

ಯಾಕೆಂದರೆ ಕಾರು ತಗೋಬೇಕೆಂಬ ಸಂಕಲ್ಪ ಅವರಿಗೂ ಬಹಳ ಹಳೆಯದು. ಮಗಳನ್ನು ಬೇಲೂರಿಗೆ ಕೊಟ್ಟಿದ್ದಾರೆ, ಅಲ್ಲೊಬ್ಬ ಮೊಮ್ಮಗನಿದ್ದಾನೆ. 2009ರಲ್ಲಿ ಲಕ್ಷ ರೂಪಾಯಿಯ ಕಾರೆಂದು ಟಾಟಾ ನ್ಯಾನೋ ಬಂತು. ಲೀಟರಿಗೆ 23.6 ಎಂದರು. “ಮೊದಲ ಬ್ಯಾಚು ಬೇಡ, ಸುಧಾರಿಸಲಿ” ಎಂದು ಕಾದರು. 2018ರಲ್ಲಿ ತಯಾರಿಕೆಯೇ ನಿಂತಿತು. “ನೋಡಿದ್ರಾ, ದುಡುಕಿದ್ರೆ ಸ್ಪೇರ್ ಪಾರ್ಟಿಗೆ ಅಲೀಬೇಕಿತ್ತು!” ನಡುವೆ ಅಗ್ಗದ ಡೀಸೆಲ್ ಕಡೆ ವಾಲಿದರು. ಡೀಸೆಲ್ ಕಾರಿಗೆ ಹೆಚ್ಚಿಗೆ ಕೊಡುವ ಹಣ ಎಷ್ಟು ವರ್ಷಕ್ಕೆ ಹುಟ್ಟುತ್ತದೆಂದು ಗುಣಿಸುತ್ತಿರುವಾಗಲೇ, 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಲೆಕ್ಕ ಮತ್ತೆ ಮೊದಲಿಂದ. ಆಮೇಲೆ ಎಲೆಕ್ಟ್ರಿಕ್ ಸ್ಕೂಟರ್. “ಸಬ್ಸಿಡಿ ಇನ್ನೂ ಏರುತ್ತೆ, ತಡೀರಿ” ಎಂದರು. 2023ರ ಜೂನ್ 1ರಿಂದ ಸಬ್ಸಿಡಿ ಇಳಿಯಿತು, ಸ್ಕೂಟರ್ ಬೆಲೆ ಏರಿತು.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ ನೋಡಿದವರಿಗೆ ಮೇಷ್ಟ್ರ ಕಾರು ಯೋಜನೆ ಬೇಗ ಅರ್ಥವಾಗುತ್ತದೆ. ತಳದಲ್ಲಿ ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಒಂದೊಂದು ಅಂಗುಲಕ್ಕೂ ಕೆತ್ತನೆ. ತಲೆ ಎತ್ತಿದರೆ ಶಿಖರವೇ ಇಲ್ಲ.

ಸ್ಕೂಟರ್ ದುಬಾರಿಯಾದ ಅದೇ ಜೂನ್ 11ಕ್ಕೆ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಬಂತು. ಮೇಷ್ಟ್ರ ಮನೆಯವರು ಆಧಾರ್ ಕಾರ್ಡನ್ನು ಪರ್ಸಿಗೆ ಹಾಕಿಕೊಂಡು ಸರ್ಕಾರಿ ಬಸ್ ಹತ್ತಿದರು. ಹಳೇಬೀಡು ದಾಟಿ, ಇನ್ನು ಹದಿನಾರು ಕಿಲೋಮೀಟರಿಗೆ ಬೇಲೂರು. ಮೊಮ್ಮಗನಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಚೆನ್ನಕೇಶವನಿಗೆ ಕೈಮುಗಿದು, ಸಂಜೆಗೆ ವಾಪಸ್. ಸೊನ್ನೆ ರೂಪಾಯಿಯ ಟಿಕೆಟನ್ನು ಗಂಡನ ನೋಟ್‌ಬುಕ್ಕಿನ ಮೇಲಿಟ್ಟು ಕೇಳಿದರು:

“ಇದರ ಮೈಲೇಜ್ ಎಷ್ಟು ಬರುತ್ತೆ, ಹೇಳಿ ನೋಡೋಣ.”

ಸೊನ್ನೆಯಿಂದ ಭಾಗಿಸಬಾರದು ಎಂದು ಸರ್ವೀಸು ಪೂರ್ತಿ ಬೋರ್ಡಿನ ಮೇಲೆ ಬರೆದವರು ಮೇಷ್ಟ್ರು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಹೊಸ ಹಾಳೆ ತಿರುವಿದರು. “ನೀನು ಬಸ್ಸಲ್ಲಿ ಹೋಗೋದಾದ್ರೆ ಕಾರಲ್ಲಿ ಕೂರೋನು ನಾನೊಬ್ಬನೇ. ಒಬ್ಬನಿಗೆ ಐದು ಸೀಟು ದಂಡ ಕಣೇ.”

“ಬೈಕಲ್ಲೇ ಹೋಗಿ ಬನ್ನಿ ಮತ್ತೆ.”

“ಅಷ್ಟು ದೂರ ಬೈಕಲ್ಲಿ ಹೋದ್ರೆ ಸೊಂಟ ಉಳಿಯುತ್ತಾ? ಅದಕ್ಕೇ ಕಾರು ಬೇಕು ಅನ್ನೋದು.”

ಮೊನ್ನೆ ಮೊಮ್ಮಗನೇ ಫೋನ್ ಮಾಡಿದ. “ತಾತ, ನೀವು ಯಾವಾಗ ಬರ್ತೀರಾ?”

“ಪೆಟ್ರೋಲ್ ಒಂದು ಹತ್ತು ರೂಪಾಯಿ ಇಳೀಲಿ, ಬರ್ತೀನಿ ಕಂದ.”

“ಬಸ್ಸಲ್ಲಿ ಬನ್ನಿ ತಾತ. ನಿಮ್ಮ ಟಿಕೆಟ್ ದುಡ್ಡು ಅಜ್ಜಿ ಕೊಡ್ತಾರಂತೆ.”

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಪೆನ್ನಿನ ಕ್ಯಾಪ್ ತೆಗೆದರು.

“ಹೋಗೋದಕ್ಕೆ ಮಾತ್ರಾನಾ, ಬರೋದಕ್ಕೂನಾ?”