ಎನ್‌ಸ್ಕ್ರಿಪ್ಟ್ ಬಳಸುವವರ ಕೈಪಿಡಿ

ಗ್ನೂ ಎನ್‌ಸ್ಕ್ರಿಪ್ಟನ್ನು ಆರಿಸಿಕೊಂಡ ನಿಮಗೆ ಅಭಿನಂದನೆಗಳು. ಆರಿಸಿದ್ದು ನೀವಲ್ಲ, ಲಿನಕ್ಸ್ ಹಾಕಿಕೊಟ್ಟ ಹುಡುಗ ಎಂದಾದರೂ ಕಷ್ಟಪಡುವವರು ನೀವೇ ಆದ್ದರಿಂದ ಅಭಿನಂದನೆ ನಿಮಗೇ ಸಲ್ಲಬೇಕು.

ಪೆಟ್ಟಿಗೆಯಲ್ಲಿರುವ ವಸ್ತುಗಳು: ಪೆಟ್ಟಿಗೆ ಇಲ್ಲ. ಮೆನು, ಗುಂಡಿ ಇತ್ಯಾದಿಗಳೂ ಇಲ್ಲ. ಕಪ್ಪು ಪರದೆಯೊಂದಿದೆ, ಅದರಲ್ಲಿ ಕರ್ಸರ್ ಮಿಟುಕುತ್ತಿದೆ.

ಉಪಯೋಗ: ಸಾದಾ ಪಠ್ಯದ ಕಡತವನ್ನು ಪೋಸ್ಟ್‌ಸ್ಕ್ರಿಪ್ಟಿಗೆ ಪರಿವರ್ತಿಸುವುದು. ಕೇಳಿಕೊಂಡರೆ ಎಚ್‌ಟಿಎಂಎಲ್, ಆರ್‌ಟಿಎಫ್ ಕೂಡ ಮಾಡಿಕೊಡುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಅಡೋಬಿಯವರ ಸೃಷ್ಟಿ. 1985ರಲ್ಲಿ ಆಪಲ್‌ನ ಲೇಸರ್‌ರೈಟರ್ ಜೊತೆ ಮೇಜಿನ ಮೇಲಕ್ಕೆ ಬಂತು. ಅದರಲ್ಲಿ ಪುಟವೆಂದರೆ ಚಿತ್ರವಲ್ಲ, ಒಂದು ಪ್ರೋಗ್ರಾಂ: ಇಲ್ಲಿಗೆ ಹೋಗು, ಈ ಅಕ್ಷರ ಬರೆ, ಹಾಳೆ ಹೊರಗೆ ಹಾಕು. ಎನ್‌ಸ್ಕ್ರಿಪ್ಟ್ ಹೆಸರಿನ ಮೊದಲ ತಂತ್ರಾಂಶವೂ ಅಡೋಬಿಯದೇ. ಗ್ನೂ ಮಂದಿ ಅದಕ್ಕೊಂದು ಮುಕ್ತ ಬದಲಿಯನ್ನು ಬರೆದರು.

ಮೊದಲ ಹಂತ: ಪ್ರಿಂಟರ್ ಆಫ್ ಮಾಡಿ. ಇದು ತಮಾಷೆಯ ಮಾತಲ್ಲ. ಎನ್‌ಸ್ಕ್ರಿಪ್ಟ್ ಎಂದು ಬರೆದು, ಪಕ್ಕದಲ್ಲಿ ಕಡತದ ಹೆಸರು ಕೊಟ್ಟು ಎಂಟರ್ ಒತ್ತಿದರೆ ಅದು ನೇರ ಮುದ್ರಣಕ್ಕೇ ಕಳಿಸುತ್ತದೆ. ಸರ್ವರ್‌ನ ವರ್ಷದ ಲಾಗ್ ಕಡತ ಕೊಟ್ಟರೂ ‘ಖಂಡಿತವಾಗಿಯೂ ಮುದ್ರಿಸಬೇಕೆ?’ ಎಂಬ ಸೌಜನ್ಯವಿಲ್ಲ. ಹುಟ್ಟಿದ್ದೇ ಕಾಗದಕ್ಕಾಗಿ, ಪರಿವರ್ತನೆ ಅದರ ಪಾಲಿಗೆ ಮುದ್ರಣದ ಹಾದಿಯಲ್ಲಿ ಸಿಗುವ ಒಂದು ನಿಲ್ದಾಣ. ಅಲ್ಲೇ ಇಳಿಯಬೇಕಾದವರು ಮೊದಲೇ ಹೇಳಬೇಕು.

ಹೇಳುವ ಬಗೆ: ಒಂದು ಅಡ್ಡಗೆರೆ, ಆಮೇಲೆ ಚಿಕ್ಕ ‘ಪಿ’, ಆಮೇಲೆ ಹೊಸ ಕಡತದ ಹೆಸರು. ಚಿಕ್ಕ ‘ಪಿ’ ಎಂದರೆ ಕಡತಕ್ಕೆ ಬರೆ. ದೊಡ್ಡ ‘ಪಿ’ ಎಂದರೆ ಈ ಹೆಸರಿನ ಪ್ರಿಂಟರಿಗೆ ಕಳಿಸು. ಶಿಫ್ಟ್ ಕೀಲಿಯ ಮೇಲೆ ಬೆರಳು ಜಾರಿತೋ, ನಿಮ್ಮ ಹೊಸ ಕಡತದ ಹೆಸರನ್ನೇ ಹೊತ್ತ ಪ್ರಿಂಟರಿಗಾಗಿ ಹುಡುಕಾಟ ನಡೆಯುತ್ತದೆ. ಚಿಕ್ಕ ‘ಬಿ’ ತಲೆಬರಹ ಬರೆಯುತ್ತದೆ, ದೊಡ್ಡ ‘ಬಿ’ ತಲೆಬರಹವನ್ನೇ ತೆಗೆದುಹಾಕುತ್ತದೆ. ಅಕ್ಷರಗಳಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವೇ ಇಲ್ಲದ ಲಿಪಿಯಲ್ಲಿ ಬೆಳೆದ ನಮಗೆ ಇದು ಸ್ವಲ್ಪ ಹೊಸದು.

ಕನ್ನಡ ಕಡತಗಳಿಗೆ ವಿಶೇಷ ಸೂಚನೆ: ಕೊಡಬೇಡಿ. ಕೊಟ್ಟೇ ಕೊಡುತ್ತೀರಿ, ಆದ್ದರಿಂದ ಮುಂದೆ ಓದಿ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕನ್ನಡ’ ಎಂಬ ಪದದಲ್ಲಿ ಒತ್ತಿಗಾಗಿ ಬರುವ ವಿರಾಮವನ್ನೂ ಸೇರಿಸಿ ಐದು ಸಂಕೇತ, ಹದಿನೈದು ಬೈಟ್. ಎನ್‌ಸ್ಕ್ರಿಪ್ಟಿಗೆ ಯುಟಿಎಫ್-8 ಬಾರದು. ಅದು ಒಂದು ಬೈಟಿಗೆ ಒಂದು ಅಕ್ಷರ ಎಂದು ಲ್ಯಾಟಿನ್-1 ಲೆಕ್ಕದಲ್ಲಿ ಓದುತ್ತದೆ. ಹೀಗಾಗಿ ‘ಕ’, ‘ನ’, ‘ಡ’ ಎಲ್ಲವೂ ತಲೆಯ ಮೇಲೆ ಓರೆಗೆರೆ ಹೊತ್ತ ಫ್ರೆಂಚ್ ‘ಎ’ ಆಗಿ, ಪಕ್ಕದಲ್ಲೊಂದು ವರ್ಗದ ಪುಟ್ಟ 2 ಇಟ್ಟುಕೊಂಡು ಬರುತ್ತವೆ. ವಿರಾಮದ ಪಾಲಿಗೆ ಮಾತ್ರ ಘನದ 3. ನೋಡಿದವರು ಬೀಜಗಣಿತದ ಪರೀಕ್ಷೆ ಎಂದುಕೊಂಡರೆ ತಪ್ಪು ಅವರದಲ್ಲ. ಕೊನೆಗೆ ಮುದ್ರಿಸಲಾಗದ ಅಕ್ಷರಗಳು ಇಷ್ಟು ಎಂದು ಒಂದು ಲೆಕ್ಕ ಬೇರೆ ಒಪ್ಪಿಸುತ್ತದೆ, ಪ್ರಾಮಾಣಿಕತೆಗೆ ಕೊರತೆಯಿಲ್ಲ.

ಪರಿಹಾರ: ಪ್ಯಾಪ್ಸ್ ಎಂಬ ಇನ್ನೊಂದು ಆದೇಶ. ಪ್ಯಾಂಗೋ ಗ್ರಂಥಾಲಯದ ನೆರವಿನಿಂದ ಅದು ಒತ್ತಕ್ಷರಗಳನ್ನು ಸರಿಯಾಗಿ ಕೂರಿಸಿ ಪೋಸ್ಟ್‌ಸ್ಕ್ರಿಪ್ಟ್ ಕೊಡುತ್ತದೆ. ಅದನ್ನು ಪರದೆಯ ಮೇಲೇ ಸುರಿಯುವುದರಿಂದ, ‘ಹೆಚ್ಚು’ ಎಂಬ ಗಣಿತದ ಚಿಹ್ನೆ ಹಾಕಿ ಕಡತದೊಳಕ್ಕೆ ತಿರುಗಿಸಬೇಕು. ಅಲ್ಲಿಂದ ಘೋಸ್ಟ್‌ಸ್ಕ್ರಿಪ್ಟಿನ ಪಿಎಸ್‌ಟುಪಿಡಿಎಫ್‌ಗೆ ಕೊಟ್ಟರೆ ಪಿಡಿಎಫ್ ಸಿದ್ಧ. ಹಳೆಯ ನುಡಿ, ಬರಹ ಫಾಂಟುಗಳ ಕಡತವಾದರೆ ಮೊದಲು ಯುನಿಕೋಡ್ ಮಾಡಿಕೊಳ್ಳಿ; ಅವುಗಳೊಳಗೆ ಇರುವುದೇ ಯುರೋಪಿನ ಅಕ್ಷರಗಳು, ಯಾವ ಆದೇಶವೂ ಅಲ್ಲಿ ಕನ್ನಡ ಕಾಣದು.

ಪಿಡಿಎಫ್ ಚೆಂದ ಕಂಡಿತೆಂದು ಮೂಲ ಕಡತ ಅಳಿಸಬೇಡಿ. ಪೋಸ್ಟ್‌ಸ್ಕ್ರಿಪ್ಟ್ ದಾಟಿ ಬಂದದ್ದು ಅಕ್ಷರಗಳ ಆಕಾರ. ನಾಳೆ ಅದರಲ್ಲಿ ನಿಮ್ಮದೇ ಹೆಸರು ಹುಡುಕಿದರೆ ಇಲ್ಲ ಎಂದುಬಿಡಬಹುದು.