ಅನ್ನದ ಬೆನ್ನಿಗೇ ಹೋದ ಉಪ್ಪು

ನಮ್ಮಲ್ಲಿ ಅನ್ನ ಮಾಡುವಾಗ ಉಪ್ಪು ಹಾಕುವ ರೂಢಿಯಿಲ್ಲ. ಸಪ್ಪೆಯಾಗಿ ಎಲೆಯ ನಡುವೆ ಕೂತಿರುವ ಅದನ್ನು ಗಂಟಲಿನಿಂದ ಇಳಿಸುವುದಕ್ಕೆಂದೇ ಸಾರು, ಹುಳಿ, ಗೊಜ್ಜು, ಹಪ್ಪಳ, ಉಪ್ಪಿನಕಾಯಿ, ಬಾಳಕದ ಮೆಣಸು ಎಂಬ ದೊಡ್ಡ ಪರಿವಾರವೇ ಹುಟ್ಟಿಕೊಂಡಿದೆ. ಉಪ್ಪೆಲ್ಲ ಇರುವುದು ಈ ಪರಿವಾರದ ಕೈಯಲ್ಲಿ. ಅನ್ನ ಎದ್ದು ಹೋಯಿತೆನ್ನಿ, ಪರಿವಾರವೂ ಅದರ ಬೆನ್ನಿಗೇ ಎದ್ದು ಹೋಗುತ್ತದೆ. ಅನ್ನವಿಲ್ಲದೆ ಬರೀ ಉಪ್ಪಿನಕಾಯಿ ನೆಕ್ಕುತ್ತ ಕೂರುವ ಪರವಾನಗಿ ನಮ್ಮ ಕಡೆ ಬಸುರಿಯರಿಗೆ ಮಾತ್ರ. ನನ್ನ ಹೊಟ್ಟೆ ಹಾಗೆ ಕಾಣುತ್ತಿದ್ದುದು ನಿಜವಾದರೂ ಆ ಸವಲತ್ತು ನನಗೆ ಸಿಗುವಂತಿರಲಿಲ್ಲ.

ಆ ಹೊಟ್ಟೆಯನ್ನು ಕರಗಿಸಲೆಂದೇ ಕೀಟೋ ಹಿಡಿದದ್ದು. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಎಂಬ ವೈದ್ಯರು ಮೂರ್ಛೆರೋಗಕ್ಕೆಂದು ಸೂಚಿಸಿದ ಪಥ್ಯ ಇದು. ಅನ್ನ, ಮುದ್ದೆ, ದೋಸೆ, ಬೆಲ್ಲ, ಬಾಳೆಹಣ್ಣಿಗೆ ದೂರದಿಂದಲೇ ನಮಸ್ಕಾರ. ಪನೀರು, ಬೆಣ್ಣೆ, ಕೊಬ್ಬರಿ, ಸೊಪ್ಪಿಗೆ ಸ್ವಾಗತ. ಅದು ಸಾಲದೆಂದು ರಾತ್ರಿ 8ರಿಂದ ಮರುದಿನ ಮಧ್ಯಾಹ್ನ 12ರವರೆಗೆ ಬಾಯಿಗೆ ಬೀಗ.

“ಏಕಾದಶಿಗಾದ್ರೂ ಅವಲಕ್ಕಿ ಇರತ್ತೆ ಕಣೋ. ಇದ್ಯಾವ ಊರಿನ ಉಪವಾಸ?” ಎಂದಳು ಅಮ್ಮ. ಅವಳ ಪ್ರಕಾರ ಉಪವಾಸವೆಂದರೆ ಅನ್ನ ಬಿಡುವುದೇ ಹೊರತು ತಿನ್ನುವುದನ್ನು ಬಿಡುವುದಲ್ಲ. ನಮ್ಮ ಮನೆಯಲ್ಲಿ ಏಕಾದಶಿಯ ದಿನ ಉಳಿದ ದಿನಗಳಿಗಿಂತ ಹೆಚ್ಚು ಪಾತ್ರೆ ಬೀಳುತ್ತವೆ.

ಮೊದಲ ವಾರದಲ್ಲೇ ತೂಕ ಸರಸರ ಇಳಿಯಿತು. ಜೊತೆಗೆ ತಲೆನೋವು ಬಂತು. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ನಡುರಾತ್ರಿ ಮೀನಖಂಡ ಹಿಡಿದುಕೊಂಡು ಹಾಸಿಗೆಯ ಮೇಲೆ ಒಂಟಿಕಾಲಿನ ಯಕ್ಷಗಾನ. ಯಾರದೋ ಕಣ್ಣು ಬಿದ್ದಿದೆ ಎಂದು ತೀರ್ಮಾನಿಸಿದ ಅಮ್ಮ ಹಿಡಿ ತುಂಬ ಕಲ್ಲುಪ್ಪು, ಒಣಮೆಣಸಿನಕಾಯಿ ತಂದು ಮೂರು ಸುತ್ತು ನೀವಾಳಿಸಿ ಒಲೆಗೆ ಹಾಕಿದಳು. ಚಟಪಟ ಸಿಡಿಯಿತು. ರೋಗನಿದಾನದಲ್ಲಿ ಅಮ್ಮ ಎಷ್ಟು ಹತ್ತಿರ ಬಂದಿದ್ದಳೆಂದು ಆಮೇಲೆ ತಿಳಿಯಿತು. ಔಷಧ ಸರಿಯಾಗಿಯೇ ಇತ್ತು. ನನ್ನ ಸುತ್ತ ಹೋಗುವ ಬದಲು ಒಳಗೆ ಹೋಗಬೇಕಿತ್ತು, ಅಷ್ಟೆ.

ಹಿಟ್ಟು, ಸಕ್ಕರೆ ಹೊಟ್ಟೆಗೆ ಬೀಳದಿದ್ದರೆ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳಿ ಎಂದು ಮೂತ್ರಪಿಂಡಗಳಿಗೆ ಹೇಳುತ್ತಿದ್ದವರಲ್ಲಿ ಈ ಇನ್ಸುಲಿನ್ನೂ ಒಂದು. ಅದು ತಣ್ಣಗಾದದ್ದೇ ತಡ, ಅವು ಕೈ ಸಡಿಲಿಸಿ ಉಪ್ಪನ್ನು ಹೊರಗೆ ಬಿಡುತ್ತವೆ. ದೇಹ ಕೂಡಿಟ್ಟುಕೊಂಡ ಗ್ಲೈಕೋಜನ್ನಿನ ಪ್ರತಿ ಗ್ರಾಂಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಗ್ಲೈಕೋಜನ್ ಕರಗಿದರೆ ಆ ನೀರೂ ಹೊರಟಿತು. ಮೊದಲ ವಾರ ನಾನು ಬೀಗಿದ್ದ ಇಳಿಕೆಯಲ್ಲಿ ಹೆಚ್ಚಿನ ಪಾಲು ಹೀಗೆ ಬಚ್ಚಲು ಸೇರಿದ್ದು. ಉಪವಾಸದ ಗಂಟೆಗಳಲ್ಲಿ ಉಪ್ಪಿನ ಆದಾಯ ಸೊನ್ನೆ. ತಿನ್ನುವ ಗಂಟೆಗಳಲ್ಲಿ ಸಾರು, ಹಪ್ಪಳಗಳ ಪರಿವಾರ ಗೈರುಹಾಜರು. ಕೀಟೋ ಹಿಡಿದ ಅಮೆರಿಕದವನು ಉಪ್ಪನ್ನು ಒಂದು ಬಾಗಿಲಿನಿಂದ ಕಳೆದುಕೊಂಡರೆ ಕನ್ನಡದವನು ಎರಡು ಬಾಗಿಲಿನಿಂದ ಕಳೆದುಕೊಳ್ಳುತ್ತಾನೆ.

ಪರಿಹಾರ ಹುಡುಕುವುದು ಸುಲಭವಾಗಿರಲಿಲ್ಲ. ಅಲ್ಲಿನವರು ಎಲುಬು ಬೇಯಿಸಿದ ಸಾರು ಕುಡಿಯುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಆ ಮಾತೆತ್ತಿದರೆ ಕೀಟೋ ಜೊತೆ ನಾನೂ ಹೊರಗೆ. ಓಆರ್‌ಎಸ್ ಪೊಟ್ಟಣ ತರೋಣವೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್. ಎಳನೀರಿನಲ್ಲೂ ಸಕ್ಕರೆ. ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಉಪವಾಸ ಮುರಿಯುತ್ತದೆ. ಕೊನೆಗೆ ಉಳಿದದ್ದು ಬರೀ ಉಪ್ಪು, ಬರೀ ನೀರು. ಅದರಲ್ಲಿ ಕ್ಯಾಲೊರಿ ಇಲ್ಲ, ಉಪವಾಸಕ್ಕೆ ಭಂಗವಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ದೊಡ್ಡ ಲೋಟದ ನೀರಿಗೆ ಕಾಲು ಚಮಚ ಉಪ್ಪು ಕದಡಿ, ಗುಟುಕಿಗೊಂದು ಮುಖ ಮಾಡುತ್ತ ಕುಡಿಯತೊಡಗಿದೆ.

ಗೆಳೆಯನೊಬ್ಬ ಹಿಮಾಲಯದ ಗುಲಾಬಿ ಉಪ್ಪಿನ ಚೆಂದದ ಡಬ್ಬಿ ತಂದುಕೊಟ್ಟ. ಇಂಥ ಉಪ್ಪಿಗೆ ಹೆಸರಾದ ಗಣಿ ಇರುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾದಲ್ಲಿ. ಸೋಡಿಯಂ ಲೆಕ್ಕಕ್ಕೆ ಅದೂ ಒಂದೇ, ಗೋಕರ್ಣದ ಹತ್ತಿರದ ಸಾಣಿಕಟ್ಟಾ ಗದ್ದೆಯ ಕಲ್ಲುಪ್ಪೂ ಒಂದೇ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅಂಕೋಲೆಯವರು ಉಪ್ಪು ಮಾಡಿ ಜೈಲಿಗೆ ಹೋದದ್ದು ಬಣ್ಣ ನೋಡಿಯಲ್ಲ. ಡಬ್ಬಿ ಈಗ ಷೋಕೇಸಿನಲ್ಲಿದೆ.

ಇದನ್ನೆಲ್ಲ ಆರಾಮಕುರ್ಚಿಯಿಂದ ನೋಡುತ್ತಿದ್ದವರು ಅಪ್ಪ. ಗಣಿತದ ಮೇಷ್ಟರಾಗಿ ನಿವೃತ್ತರಾದವರು, ಬಿಪಿಯವರು. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಎಂಬ ಶಾಸನ ಜಾರಿಯಾದ ದಿನವೇ ಅಪ್ಪೆಮಿಡಿಯ ಭರಣಿ ಅವರ ಕೈಗೆ ಸಿಗದಂತೆ ಅಟ್ಟ ಸೇರಿತ್ತು. ಹಪ್ಪಳ ಹಬ್ಬಕ್ಕೆ ಅರ್ಧ.

“ನಿನ್ನ ಆ ಡಯಟ್ಟಿನವರು ಎಷ್ಟು ಹೇಳ್ತಾರೆ?”

“ಕೆಲವರು ಸೋಡಿಯಂ 5 ಗ್ರಾಂವರೆಗೂ ಹೋಗ್ತಾರೆ ಅಪ್ಪ. ನಾನು ಅಷ್ಟೇನೂ...”

“ಸೋಡಿಯಮ್ಮೋ, ಉಪ್ಪೋ? ಉಪ್ಪಿನಲ್ಲಿ ಸೋಡಿಯಂ ನೂರಕ್ಕೆ 40. ಅಲ್ಲಿಗೆ ಉಪ್ಪು ಹನ್ನೆರಡೂವರೆ ಗ್ರಾಂ ಆಯ್ತು.” ಕನ್ನಡಕ ಸರಿಮಾಡಿಕೊಂಡು ಅಡುಗೆಮನೆಯತ್ತ ತಿರುಗಿದರು. “ಕೇಳಿಸ್ತೇನೇ? ನಂಗೆ ಐದು, ನಿನ್ನ ಮಗನಿಗೆ ಹನ್ನೆರಡೂವರೆ! ನಾಳೆಯಿಂದ ನಾನೂ ಕೀಟೋ.”

ಇಬ್ಬರೂ ಡಾಕ್ಟರ ಬಳಿ ಹೋದೆವು. ಅವರು ಮೊದಲು ಅಳೆದದ್ದು ನನ್ನ ಬಿಪಿ. “ನಿಮಗೆ ತಲೆನೋವು, ಸೆಳೆತ ಹೋಗೋವಷ್ಟು ಸಾಕು, ಹನ್ನೆರಡೂವರೆಯ ಗುರಿ ಬೇಡ,” ಎಂದರು. ಅಪ್ಪನ ಕಡೆ ತಿರುಗಿ, ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಈ ಉಪ್ಪುನೀರಿನ ಶಾಸ್ತ್ರ ಅನ್ವಯಿಸುವುದಿಲ್ಲ, ಮಾತ್ರೆ ನುಂಗುವವರು ಪಥ್ಯ ಬದಲಿಸಿದರೆ ಮಾತ್ರೆಯ ಲೆಕ್ಕವೂ ಬದಲಾಗಬೇಕಾದೀತು ಎಂದು ವಿವರಿಸಿದರು. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಾದರೂ ಆದೀತೇ ಎಂದು ಅಪ್ಪ ಚೌಕಾಶಿಗಿಳಿದರು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕೆಲವು ಬಿಪಿ ಮಾತ್ರೆಗಳ ಜೊತೆ ಅಪಾಯ, ಕೇಳದೆ ತರಬೇಡಿ ಎಂದು ಡಾಕ್ಟರು ಆ ಬಾಗಿಲನ್ನೂ ಮುಚ್ಚಿದರು.

ಕಡೆಗೆ ಅಮ್ಮ ಪರಿವಾರವನ್ನೇ ಅನ್ನದ ಹಂಗಿಲ್ಲದೆ ವಾಪಸು ಕರೆಸಿದಳು. ಬೇಳೆ, ಬೆಲ್ಲ ಎರಡೂ ಇಲ್ಲದ ಮೆಣಸಿನ ಸಾರು ಲೋಟಕ್ಕೆ ಬಂತು. ಎಣ್ಣೆಯಲ್ಲಿ ಕಪ್ಪಗೆ ಕರಿದ ಬಾಳಕದ ಮೆಣಸು ಪನೀರಿನ ಪಕ್ಕ ಕೂತಿತು. ಅಟ್ಟದ ಭರಣಿ ನನ್ನ ಹೆಸರಿನಲ್ಲಿ ಊಟದ ಮೇಜಿಗೆ ಇಳಿಯಿತು. ಒಂದು ಅಪ್ಪೆಮಿಡಿಯನ್ನು ಕಚ್ಚಿದರೆ ಉಪ್ಪು, ಹುಳಿ, ಸೊನೆಯ ಘಮ ಒಟ್ಟಿಗೇ ನೆತ್ತಿಗೇರುತ್ತದೆ. ಸಪ್ಪೆ ಪನೀರಿಗೂ ಆಗ ಒಂದು ಘನತೆ ಬರುತ್ತದೆ. ಸೆಳೆತ ನಿಂತಿದೆ.

ಅಂದಿನಿಂದ ನನ್ನ ಪಥ್ಯಕ್ಕೆ ಅಪ್ಪನಷ್ಟು ದೊಡ್ಡ ಬೆಂಬಲಿಗರು ಯಾರೂ ಇಲ್ಲ. ಮೊನ್ನೆ ಅಮ್ಮ ಬೆಣ್ಣೆದೋಸೆ ಹಾಕುತ್ತಿದ್ದಾಗ ಸಾಕಪ್ಪ ಈ ಕೀಟೋ ಎನ್ನಿಸಿ ತಟ್ಟೆ ಹಿಡಿದು ಎದ್ದೆ. ಅಪ್ಪ ರಟ್ಟೆ ಹಿಡಿದು ಕೂರಿಸಿದರು. “ಇಷ್ಟು ಬೇಗ ಸೋಲಬಾರದು ಕಣೋ. ಇನ್ನೊಂದು ಆರು ತಿಂಗಳು ನೋಡು.” ಹಾಗೆನ್ನುವಾಗ ಅವರ ಇನ್ನೊಂದು ಕೈ ಭರಣಿಯ ಮುಚ್ಚಳದ ಮೇಲಿತ್ತು. ಅಮ್ಮ ಸೌಟು ಹಿಡಿದೇ ಬಂದು ಭರಣಿಯನ್ನು ನನ್ನ ಎಡಗಡೆಗೆ ಸರಿಸಿ, ಒಳಗೆ ಎಷ್ಟು ಮಿಡಿ ಉಳಿದಿವೆ ಎಂದು ಎಣಿಸಿ ಹೋದಳು.