ಸೋದರಮಾವನ ಮೊಂಟಾಜ್

(ಗಾಂಧಿನಗರದ ಗಲ್ಲಿಯೊಂದರ ಮೂರನೇ ಮಹಡಿ. ಬೋರ್ಡಿನಲ್ಲಿ ‘ಕಾರ್ಪೊರೇಟ್ ಫಿಲ್ಮ್ಸ್’. ಒಳಗೆಲ್ಲ ಮದುವೆ ವಿಡಿಯೊ.)

“ಸಾರ್, ಇಂಟರ್ನ್‌ಶಿಪ್‌ಗೆ ಬಂದಿದೀನಿ. ಪತ್ರಿಕೋದ್ಯಮ, ಕೊನೇ ಸೆಮಿಸ್ಟರ್.”

“ಏನೇನು ಬರುತ್ತಪ್ಪಾ?”

“ಐಸೆನ್‌ಸ್ಟೈನ್ ಮೊಂಟಾಜ್ ಮೇಲೆ ಸೆಮಿನಾರ್ ಕೊಟ್ಟಿದೀನಿ ಸಾರ್. 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ನಲ್ಲಿ...”

“ಕ್ಯಾಮೆರಾ ಮುಟ್ಟಿದೀಯಾ?”

“ನೋಡಿದೀನಿ ಸಾರ್.”

(ಸುಳ್ಳಲ್ಲ. ಕಾಲೇಜಿನ ಏಕೈಕ ಕ್ಯಾಮೆರಾ ಮುಖ್ಯಸ್ಥರ ಬೀರುವಿನಲ್ಲಿದೆ. ನ್ಯಾಕ್ ಸಮಿತಿ ಬಂದಾಗ ಸಾರ್ವಜನಿಕ ದರ್ಶನ.)

“ಸರಿ, ಎಡಿಟಿಂಗಿಗೆ ಕೂತ್ಕೊ. ಹುಡುಗಿ ಸೋದರಮಾವನಿಗೂ ಮನೆಯವರಿಗೂ ಜಗಳ ಆಗಿದೆ. ಸೆಕೆಂಡಿಗೆ 25 ಫ್ರೇಮು. ಒಂದರಲ್ಲೂ ಆತನ ಮುಖ ಕಾಣಬಾರದು.”

“ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರೋರೇ ಅವರಲ್ವಾ ಸಾರ್?”

“ಅದಕ್ಕೇ ಕಣಯ್ಯಾ ನಿನ್ನ ಮೊಂಟಾಜ್ ಬೇಕಾಗಿರೋದು!”

“ಸಾರ್... ಸ್ಟೈಪೆಂಡು?”

“ಶೂಟಿಂಗ್ ದಿನ ಛತ್ರದಲ್ಲಿ ಊಟ. ನಮ್ಮೋರು ಕೊನೇ ಪಂಕ್ತಿ. ಹೋಳಿಗೆ ಉಳಿದಿದ್ರೆ ನಿನ್ನ ಅದೃಷ್ಟ.”

“ಸರ್ಟಿಫಿಕೇಟಾದ್ರೂ?”

“ಫೋಟೊಶಾಪ್ ಬರುತ್ತಲ್ಲ, ನೀನೇ ಮಾಡ್ಕೊ, ಸೈನ್ ಹಾಕ್ತೀನಿ. ಹಾಂ, ಹೋದ ವರ್ಷ ಬಂದಿದ್ದ ಹುಡುಗೀದೂ ಬಾಕಿ ಇದೆ. ಜೊತೆಗೇ ಮಾಡಿಬಿಡು.”